ಬಟ್ಟಲಣಬೆಗಳ ಗಣವೂ ಅವುಗಳ ಕಾರ್ಯವೂ

ಹಾಸನ ಸೀಮೆಯಲ್ಲಿ ಮುಂಗಾರು ಹಿಡಿದ ಮೇಲೆ ಏಳುವ ಅಣಬೆಗಳಲ್ಲಿ ಕೊಡೆಯಾಕಾರದವುಗಳನ್ನೇ ಜನರು ಗುರುತಿಸುವುದು ವಾಡಿಕೆ. ಕೊಡೆಯಿಲ್ಲದೆ ಬಟ್ಟಲಿನಂತೆ ಬಾಯ್ದೆರೆದು ನಿಲ್ಲುವ ಬೇರೆ ಜಾತಿಗಳೂ ಉಂಟು. ಇವುಗಳ ಒಂದು ದೊಡ್ಡ ಗಣಕ್ಕೆ ಶಾಸ್ತ್ರಜ್ಞರು ಪೆಜೈಜೇಲಿಸ್ ಎಂದು ಹೆಸರಿಟ್ಟಿದ್ದಾರೆ. ಇವನ್ನು ಕಂಡೊಡನೆ ಬೆಳೆಯ ರೋಗವೆಂದು ಭಾವಿಸುವುದು ಯುಕ್ತವೇ ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಬಟ್ಟಲಿನ ಒಳಮೈಯಲ್ಲಿ ಸೂಕ್ಷ್ಮವಾದ ಚೀಲಗಳು ಒತ್ತಾಗಿ ನಿಂತಿರುತ್ತವೆ. ಒಂದೊಂದರಲ್ಲಿಯೂ ಸಾಮಾನ್ಯವಾಗಿ 8 ಬೀಜಾಣುಗಳಿರುತ್ತವೆ. ಪಕ್ವವಾದಾಗ ಚೀಲದ ತುದಿಯು ಮುಚ್ಚಳದಂತೆ ತೆರೆದು ಬೀಜಾಣುಗಳು ಹೊರಕ್ಕೆ ಸಿಡಿಯುತ್ತವೆ. ಈ ಮುಚ್ಚಳವೇ ಮುಖ್ಯ ಲಕ್ಷಣವೆಂದು ಫ್ರಾನ್ಸಿನ ಎಮಿಲ್ ಬೂದಿಯೇ 1885ರಲ್ಲಿ ವರ್ಗೀಕರಣ ಮಾಡಿದನು. ಆಕಾರವೊಂದನ್ನೇ ನಂಬಲಾಗದು; ಹಿಮಾಲಯದ ಗುಚ್ಚಿಯೂ, ನೆಲದೊಳಗೆ ಬೆಳೆದು ಮುಚ್ಚಳವನ್ನು ಕಳೆದುಕೊಂಡ ಟ್ರಫಲ್ ಗಡ್ಡೆಯೂ ಇದೇ ಗಣಕ್ಕೆ ಸೇರಿದವು.

ಅಸ್ಕೊಬೋಲಸ್ ಎಂಬ ಜಾತಿಯು ಸಗಣಿಯ ಮೇಲೆ ಬೆಳೆಯುತ್ತದೆ. ಇದರ ಚೀಲಗಳು ಬೆಳಕಿನ ಕಡೆಗೆ ಬಾಗಿ ಬೀಜಾಣುಗಳನ್ನು ಹುಲ್ಲಿನ ಮೇಲಕ್ಕೆ ಎಸೆಯುತ್ತವೆ. ಹುಲ್ಲನ್ನು ಮೇಯ್ದ ದನದ ಹೊಟ್ಟೆಯನ್ನು ದಾಟಿ ಬಂದ ಬೀಜಾಣುವು ಹೊಸ ಸಗಣಿಯಲ್ಲಿ ಮೊಳೆಯುತ್ತದೆ. ಒದ್ದೆ ಕಾಗದ ಹಾಸಿದ ಗಾಜಿನ ಪಾತ್ರೆಯಲ್ಲಿ ಸಗಣಿಯನ್ನಿಟ್ಟು ಮುಚ್ಚಿದರೆ, ಮೊದಲು ನೂಲಿನಂಥ ಬೂಷ್ಟೂ, ಅನಂತರ ಇಂಥ ಬಟ್ಟಲುಗಳೂ, ಕಡೆಗೆ ಕೊಡೆಯಣಬೆಗಳೂ ಕ್ರಮವಾಗಿ ಏಳುವುದನ್ನು ನೋಡಬಹುದು. ಗೊಬ್ಬರವು ಮಣ್ಣಾಗುವುದರಲ್ಲಿ ಇವುಗಳದೂ ಒಂದು ಪಾಲು.

ತೇವವಿಲ್ಲದೆ ಈ ಬಟ್ಟಲುಗಳು ನಿಲ್ಲಲಾರವು. ಮಲೆನಾಡಿನ ಅಂಚಿನಿಂದ ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಬಯಲಿಗೆ ಇಳಿದಂತೆ ಮಳೆ ಕಡಮೆಯಾಗುವುದರಿಂದ, ಇಲ್ಲಿ ಇವನ್ನು ಹುಡುಕುವವರು ನೆರಳು, ತೇವವುಳ್ಳ ಎಡೆಗಳನ್ನೇ ನೋಡಬೇಕು.

ಇನ್ನು ಬೆಂಕಿಯ ವಿಷಯ. ಅರಕಲಗೂಡು ತಾಲ್ಲೂಕಿನಲ್ಲಿ ಹೊಗೆಸೊಪ್ಪಿನ ಬೇಸಾಯವುಂಟು. ಸಸಿಮಡಿಯ ನೆಲವನ್ನು ಸುಟ್ಟು ಶುದ್ಧಿಮಾಡುವುದು ಈ ಬೆಳೆಯ ನಾಡುಗಳಲ್ಲಿ ಹಳೆಯ ಪದ್ಧತಿ. ಸುಟ್ಟ ಮಣ್ಣಿನ ಮೇಲೆ ಪೈರೊನೀಮ ಎಂಬ ಕಿತ್ತಳೆ ಬಣ್ಣದ ಸಣ್ಣ ಬಟ್ಟಲಣಬೆಯು ಬಹು ಬೇಗ ಹರಡುವುದುಂಟು. ಇದು ಸಸಿಯನ್ನು ತಿನ್ನುವುದಿಲ್ಲ. ಬಿಸಿಯಿಂದ ಸತ್ತ ಜೀವಿಗಳ ಶೇಷವನ್ನು ತಿನ್ನುತ್ತದೆ. ಪ್ರತಿಸ್ಪರ್ಧಿಗಳು ನಾಶವಾಗಿರುವುದೇ ಇದರ ವೇಗಕ್ಕೆ ಕಾರಣ. ಆದರೆ ಅದೇ ಬರಿದಾದ ನೆಲಕ್ಕೆ ಸಸಿ ಕೊಳೆಯಿಸುವ ಪಿಥಿಯಮ್ ಹೊರಗಿನಿಂದ ಬಂದರೆ ಅದೂ ಹಾಗೆಯೇ ಹಬ್ಬುತ್ತದೆ. ಆದಕಾರಣ ಬಟ್ಟಲನ್ನು ಕೀಳುವುದಕ್ಕಿಂತ ಮಡಿಗೆ ಕೊಳೆನೀರೂ ಹಳೆಯ ಮಣ್ಣೂ ಸೇರದಂತೆ ಕಾಯುವುದು ಲೇಸು.

ಗಣವೆಲ್ಲ ನಿರಪಾಯವೆಂದೂ ಹೇಳಲಾಗದು. ಸುಟ್ಟ ನೆಲದಲ್ಲಿಯೇ ಎಚ್ಚರಗೊಳ್ಳುವ ರೈಜೈನವು ಪೈನ್ ಸಸಿಗಳ ಬೇರನ್ನು ಕೊಳೆಯಿಸುತ್ತದೆ. ಗೈರೊಮಿಟ್ರವನ್ನು ತಿಂದು ಪ್ರಾಣ ಕಳೆದುಕೊಂಡವರುಂಟು. ಆದುದರಿಂದ ತಿಳಿಯದ ಬಟ್ಟಲಣಬೆಯನ್ನು ತಿನ್ನಬಾರದು. ತಿಳಿಯದೆ ಅದನ್ನು ರೋಗವೆಂದು ದೂಷಿಸಲೂಬಾರದು. ಅದು ಬದುಕಿರುವುದನ್ನು ತಿನ್ನುತ್ತಿದೆಯೋ ಸತ್ತುದನ್ನೋ ಎಂಬುದನ್ನು ಮೊದಲು ನೋಡತಕ್ಕದ್ದು.