ಕಡಿದ ಕಬ್ಬು ಕಾಯುವುದಿಲ್ಲ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ರಸ್ತೆಗಳಲ್ಲಿ ಚಳಿಗಾಲವೆಂದರೆ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು. ಸಕ್ಕರೆ ಕಾರ್ಖಾನೆಯ ಮುಂದೆ ಸರದಿಗಾಗಿ ನಿಂತ ಗಾಡಿಯಲ್ಲಿ ಕಬ್ಬು ಸುಮ್ಮನೆ ಬಿದ್ದಿರುವುದಿಲ್ಲ. ಕಡಿದಾಗಿನಿಂದಲೇ ಅದರ ನೀರು ಆರುತ್ತದೆ, ತೂಕ ಇಳಿಯುತ್ತದೆ. ಇನ್ವರ್ಟೇಸ್ ಎಂಬ ಕಿಣ್ವ ಸುಕ್ರೋಸನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಇವೂ ಸಿಹಿಯೇ, ಆದರೆ ಕಾರ್ಖಾನೆಗೆ ಬೇಕಾದ ಹರಳು ಸಕ್ಕರೆ ಇವುಗಳಿಂದ ಬಾರದು. ಬೆಲೆ ಏರಲೆಂದು ರೈತ ಕಾದರೆ ಕರಗುವುದು ಅವನದೇ ಮಾಲು.

ಕೊಡಗಿನ ಬೆಳೆಗಾರ ಒಣಗಿಸಿದ ಕಾಫಿಯನ್ನು ಕೆಲವು ತಿಂಗಳು ಇಟ್ಟುಕೊಳ್ಳಬಹುದು. ಆದರೂ ಸಾಲವಿರುವ ಸಣ್ಣ ಹಿಡುವಳಿದಾರ ಎಷ್ಟು ದಿನ ಕಾದಾನು? ಈ ಕಷ್ಟಕ್ಕೆಂದೇ 1988ರಲ್ಲಿ ಹಾಲೆಂಡಿನಲ್ಲಿ ‘ಮ್ಯಾಕ್ಸ್ ಹಾವೆಲಾರ್’ ಎಂಬ ಮುದ್ರೆ ಹೊತ್ತು ಮೆಕ್ಸಿಕೋದ ಸಣ್ಣ ರೈತರ ಕಾಫಿ ಅಂಗಡಿಗೆ ಬಂತು. ಮಾರುಕಟ್ಟೆ ಎಷ್ಟೇ ಕುಸಿದರೂ ಇಂತಿಷ್ಟಕ್ಕಿಂತ ಕಡಿಮೆ ಕೊಡಬಾರದು ಎಂಬುದೇ ಈ ‘ನ್ಯಾಯಯುತ ವ್ಯಾಪಾರ’ದ ತಿರುಳು. ಅಲ್ಲಿ ಅದು ಕೊಳ್ಳುವವರು ಒಪ್ಪಿ ನಡೆಸುವ ಕಟ್ಟಳೆ.

ನಮ್ಮ ಕಬ್ಬಿಗೆ ಅದು ಕಾನೂನೇ. 1966ರ ಕಬ್ಬು ನಿಯಂತ್ರಣ ಆದೇಶದಡಿ ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೂ ‘ನ್ಯಾಯಯುತ ಮತ್ತು ಲಾಭದಾಯಕ ಬೆಲೆ’ ಗೊತ್ತುಪಡಿಸುತ್ತದೆ. 14 ದಿನಗಳಲ್ಲಿ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ.

ತೊಡಕಿರುವುದು ಅಳತೆಯಲ್ಲಿ. 2025–26ರ ಹಂಗಾಮಿಗೆ ಟನ್ನಿಗೆ 3,550 ರೂ. ಗೊತ್ತಾದದ್ದು ಶೇ 10.25 ಇಳುವರಿಗೆ, ಅಂದರೆ 100 ಕಿಲೋ ಕಬ್ಬಿಗೆ 10.25 ಕಿಲೋ ಸಕ್ಕರೆ. ಅದರ ಮೇಲೆ ಇಳುವರಿ 0.1 ಏರಿದಂತೆಲ್ಲ ಟನ್ನಿಗೆ 34 ರೂ. 60 ಪೈಸೆ ಹೆಚ್ಚು. ವಿದ್ಯಾರ್ಥಿಗಳೇ ಲೆಕ್ಕ ಹಾಕಿ ನೋಡಲಿ: ಇಳುವರಿ 0.5 ಹೆಚ್ಚಾದರೆ ಟನ್ನಿಗೆ 173 ರೂ.; ಎಕರೆಗೆ 40 ಟನ್ ಬೆಳೆದವನಿಗೆ 6,920 ರೂ. ಮಕ್ಕಳ ಶಾಲಾ ಖರ್ಚು ಇದರಲ್ಲೇ ಇರಬಹುದು. ಆ ಅರ್ಧ ಅಂಶವನ್ನು ಅಳೆಯುವುದು ಮಾತ್ರ ಕೊಳ್ಳುವವನದೇ ಪ್ರಯೋಗಾಲಯ. ಅದೂ ಇಡೀ ಕಾರ್ಖಾನೆಯ ಸರಾಸರಿ. ಒಬ್ಬೊಬ್ಬನ ಕಬ್ಬಿನ ಲೆಕ್ಕವಲ್ಲ. ಕಟಾವು, ಸಾಗಣೆ ವೆಚ್ಚ ಕಳೆದು ಉಳಿದದ್ದು ರೈತನಿಗೆ.

2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು 3,500 ರೂ. ಕೇಳಿ ಕುಳಿತರು. ರಾಜ್ಯ ಸರ್ಕಾರ ಇಳುವರಿಗೆ ತಳುಕು ಹಾಕಿ 3,300 ರೂ. ಪ್ರಕಟಿಸಿತು. ಮುಧೋಳ ಭಾಗದವರು ಅದನ್ನು ಒಪ್ಪದೆ ಹೋರಾಟ ಮುಂದುವರಿಸಿದರು. ಹಂಗಾಮು ಶುರುವಾಗುವಾಗಲೇ ಈ ಜಗ್ಗಾಟ ನಡೆಯುವುದಕ್ಕೆ ಕಾರಣವಿದೆ. ಕಾಯಬಲ್ಲದ್ದು ಕಡಿಯದೆ ಹೊಲದಲ್ಲಿ ನಿಂತ ಕಬ್ಬೊಂದೇ. ಅದೂ ಹೆಚ್ಚು ದಿನವಲ್ಲ. ಸೂಲಂಗಿ ಬಂದ ಕಬ್ಬು ಒಳಗೊಳಗೇ ಬೆಂಡಾಗತೊಡಗುತ್ತದೆ.