ಬೇಸಗೆಯ ಕೊನೆಯ ಬಿಸಿಗಾಳಿ

2015ನೆಯ ಇಸವಿ ಮೇ ತಿಂಗಳ ಕಡೆಯಲ್ಲಿ ಆಂಧ್ರ, ತೆಲಂಗಾಣ ಸೀಮೆಗಳ ಬಿಸಿಗಾಳಿಗೆ 2,000ಕ್ಕೂ ಹೆಚ್ಚು ಜನರು ಬಲಿಯಾದರು. ಕೂಲಿಕಾರರೂ ವೃದ್ಧರೂ ಅವರಲ್ಲಿ ಬಹುಮಂದಿ. ವಾಯುವ್ಯದ ಒಣನೆಲಗಳ ಮೇಲೆ ಕಾದ ಗಾಳಿಯು ದಿನಗಟ್ಟಲೆ ಅತ್ತ ಬೀಸಿತು. ನೆಲದಲ್ಲಿ ತೇವವಿದ್ದರೆ ಬಿಸಿಲಿನ ಶಾಖದ ಒಂದು ಪಾಲು ಅದನ್ನು ಆವಿಮಾಡುವುದರಲ್ಲಿಯೇ ವ್ಯಯವಾಗುತ್ತದೆ. ಒಣನೆಲದಲ್ಲಿಯಾದರೋ ಆ ಪಾಲೂ ಗಾಳಿಯನ್ನೇ ಕಾಯಿಸುತ್ತದೆ. ಮಧ್ಯಾಹ್ನ ತಂಪನ್ನು ತರತಕ್ಕ ಕಡಲಗಾಳಿಯನ್ನು ಈ ಒಣಗಾಳಿಯು ತಡೆದುದರಿಂದ ಸಮುದ್ರತೀರದ ಊರುಗಳೂ ಬೆಂದುವು. ಮುಂಗಾರು ಕೇರಳವನ್ನು ಮುಟ್ಟಿದುದು ಜೂನ್ 5ರಂದು.

ರಾಯಚೂರು, ಕಲಬುರಗಿಗಳ ಎರೆಭೂಮಿಯಲ್ಲಿ ಹೊಲವನ್ನು ಹದಮಾಡುವುದೂ ಇದೇ ಕಾಲದಲ್ಲಿಯೇ. ಬಿಸಿಲೇರಿದ ಮೇಲೆ ಆಳನ್ನೂ ಎತ್ತನ್ನೂ ನೆರಳಿಗೆ ಬಿಡತಕ್ಕದ್ದು. ಬಾಯಾರದಿದ್ದರೂ ಆಗಾಗ್ಗೆ ನೀರು ಕುಡಿಯಬೇಕು. ಮೈ ಸುಡುತ್ತ ಮಾತು ತಡವರಿಸಿದವನಿಗೆ ನೆರಳಿನಲ್ಲಿ ತಣ್ಣೀರು ಹೊಯ್ದು, ಗಾಳಿ ಬೀಸಿ, ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು.