ಕಲೋನಿನ ಕಂಪು, ಬಿಸಿಲಿನ ಕಲೆ

ಸೆಕೆಗಾಲದಲ್ಲಿ ಹೆಂಗಸರು ಮೆಚ್ಚುವ ನಿಂಬೆ, ಕಿತ್ತಳೆ ಕಂಪಿನ ಸುಗಂಧದ್ರವ್ಯಗಳಿಗೆ ಮುತ್ತಜ್ಜಿಯಂಥದು ‘ಓ ದ ಕಲೋನ್’. ಇಟಲಿಯಲ್ಲಿ ಹುಟ್ಟಿ ಜರ್ಮನಿಯ ಕಲೋನ್ ನಗರದಲ್ಲಿ ನೆಲೆಸಿದ ಜೋಹಾನ್ ಮರಿಯಾ ಫರೀನಾ ಅದನ್ನು ತಯಾರಿಸಿದ. ಮಳೆ ನಿಂತ ಮೇಲಿನ ಇಟಲಿಯ ವಸಂತದ ಬೆಳಗನ್ನು ಅದು ನೆನಪಿಸುತ್ತದೆಂದು 1708ರಲ್ಲಿ ಸೋದರನಿಗೆ ಬರೆದ.

ಈ ಕಂಪಿನ ಜೀವಾಳ ಬರ್ಗಮಾಟ್. ದಕ್ಷಿಣ ಇಟಲಿಯ ಕಲಾಬ್ರಿಯಾದಲ್ಲಿ ಬೆಳೆಯುವ ಈ ಹುಳಿ ಹಣ್ಣಿನಲ್ಲಿ ಬೆಲೆಯೆಲ್ಲ ಸಿಪ್ಪೆಯ ಎಣ್ಣೆಗೆ. ಅದರ ಹಗುರವಾದ ಅಣುಗಳು ಬೇಗ ಆವಿಯಾಗುತ್ತವೆ. ಕಂಪು ಮೂಗಿಗೆ ತಟ್ಟನೆ ತಟ್ಟುವುದೂ, ಹೆಚ್ಚು ಹೊತ್ತು ನಿಲ್ಲದಿರುವುದೂ ಅದರಿಂದಲೇ.

ಆದರೆ ಎಣ್ಣೆಯಲ್ಲಿರುವ ಬರ್ಗಾಪ್ಟೆನ್ ಹಾಗೆ ಹಾರಿಹೋಗುವುದಿಲ್ಲ. ಚರ್ಮದಲ್ಲಿ ಉಳಿದು, ಬಿಸಿಲು ತಾಗಿದಾಗ ಸುಟ್ಟಂತೆ ಕೆಂಪಾಗಿಸಿ ಕಂದು ಕಲೆ ಬಿಡುತ್ತದೆ. ಕಲೋನ್ ಮತ್ತು ಬಿಸಿಲಿನ ಈ ನಂಟನ್ನು 1916ರಲ್ಲಿ ಫ್ರಾಯಂಡ್ ಎಂಬ ವೈದ್ಯ ಗುರುತಿಸಿದ. ಕುತ್ತಿಗೆಯ ಮೇಲೆ ಹನಿ ಇಳಿದ ದಾರಿಯಲ್ಲಿ ಮೂಡಿದ ಕಲೆ ಪದಕದಂತೆ ಕಂಡದ್ದರಿಂದ 1925ರಲ್ಲಿ ಈ ಬೇನೆಗೆ ಫ್ರೆಂಚ್ ಭಾಷೆಯ ಪದಕದ ಹೆಸರೇ ಬಂತು.

ಈಗ ಸುಗಂಧ ತಯಾರಿಕೆಯಲ್ಲಿ ಬರ್ಗಾಪ್ಟೆನ್ ತೆಗೆದ ಎಣ್ಣೆ ಬಳಕೆಯಲ್ಲಿದೆ. ಆದರೆ ಮುಖದ ಕಾಂತಿಗೆಂದು ನಿಂಬೆರಸ ಹಚ್ಚಿಕೊಂಡು ಬಿಸಿಲಿಗಿಳಿಯುವವರಿಗೆ ಹಳೆಯ ಎಚ್ಚರಿಕೆ ಇಂದಿಗೂ ಸಲ್ಲುತ್ತದೆ. ನಿಂಬೆಯ ಸಿಪ್ಪೆಯಲ್ಲೂ ಅದೇ ಜಾತಿಯ ದ್ರವ್ಯಗಳಿವೆ. ಹಿಂಡುವಾಗ ಅವೂ ರಸದೊಂದಿಗೆ ಇಳಿಯುತ್ತವೆ.